ಹಳದಿ ಬಟ್ಟೆಯ ರೂಪಾಯಿ

"ಯಾರಿಗೂ ನಷ್ಟವಾಗದ ತಪ್ಪನ್ನೂ ತಪ್ಪು ಎನ್ನಬೇಕೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಎಂದೂ ಸುತ್ತಿಬಳಸಿ ಮಾತಾಡಿದವನಲ್ಲ. ಆ ದಿನ ಮಾತ್ರ ಗುರುಗಳ ಮುಖ ನೋಡದೆ, ಚಾಪೆಯ ಅಂಚನ್ನು ಕೀಳುತ್ತ ಕೇಳಿದ. ಏನು ಮಾಡಿದೆ ಎಂದು ಗುರುಗಳು ವಿಚಾರಿಸಲಿಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಹಳೆಯ ಹಿತ್ತಾಳೆ, ತಾಮ್ರ ತೆಗೆದುಕೊಂಡು ಹೊಸ ಪಾತ್ರೆ ಕೊಡುವುದು ಅವನ ಕಸುಬು. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ. ಸುತ್ತಲಿನ ಹಳ್ಳಿಯ ಹೆಂಗಸರು ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದರು. ಅವನಿಗಿದ್ದ ಹುಚ್ಚು ಒಂದೇ, ಹಳೆಯ ಬೆಳ್ಳಿ ನಾಣ್ಯಗಳನ್ನು ಕೂಡಿಡುವುದು.

ಅದೇ ಹುಚ್ಚಿನವರು ಊರಿನಲ್ಲಿ ಇನ್ನೂ ನಾಲ್ವರಿದ್ದರು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಕಪ್ಪು ಮಖಮಲ್ಲಿನ ಮೇಲೆ ನಾಣ್ಯಗಳನ್ನು ಹರಡಿ ನೋಡುತ್ತಿದ್ದರು. ಅವರು ತಲೆದೂಗುತ್ತಿದ್ದುದು ಥಳಥಳಿಸುವ ನಾಣ್ಯಕ್ಕಲ್ಲ. ಬೆಳ್ಳಿಯನ್ನು ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ, ಯಾರೂ ಮುಟ್ಟದೆ ವರ್ಷಗಟ್ಟಲೆ ಬಿಟ್ಟರೆ ಅದಕ್ಕೆ ತಾನಾಗಿ ಬಣ್ಣ ಬರುತ್ತದೆ. ಅಂಚಿನಲ್ಲಿ ನೀಲಿ, ಅದರೊಳಗೆ ನೇರಳೆ, ನಡುವೆ ಜೇನಿನ ಬಣ್ಣ. ತಿಳಿಯದವರ ಕಣ್ಣಿಗೆ ಅದು ಬರೀ ಕಪ್ಪು. ತಿಳಿದವರಿಗೆ ಅದಕ್ಕಿಂತ ಚೆಲುವು ಇನ್ನಿಲ್ಲ. ಒಮ್ಮೆ ಉಜ್ಜಿದರೆ ಹೋಯಿತು, ಮತ್ತೆ ಬರಲು ಅರ್ಧ ಆಯುಷ್ಯ ಬೇಕು.

ಅಂಥ ನಾಣ್ಯ ನಾಲ್ವರ ಬಳಿಯೂ ಇತ್ತು. ವ್ಯಾಪಾರಿಯ ಬಳಿ ಇರಲಿಲ್ಲ. ಅವನು ತನ್ನ ನಾಣ್ಯಗಳನ್ನು ಹರಡಿದಾಗ ಗೆಳೆಯರು "ಚೆನ್ನಾಗಿವೆ" ಎಂದು ಹೇಳಿ ಕಾಫಿಯ ಲೋಟದ ಕಡೆ ತಿರುಗುತ್ತಿದ್ದರು. ಆ ಒಂದು ಮಾತು ಅವನನ್ನು ತಿಂಗಳಿಡೀ ಚುಚ್ಚುತ್ತಿತ್ತು.

ಒಂದು ದಿನ ಹತ್ತಿರದ ಹಳ್ಳಿಯ ರೈತನೊಬ್ಬ ಹಳೆಯ ಪಾತ್ರೆಗಳ ಮೂಟೆ ತಂದು ಹಾಕಿ, ಹೊಸದೊಂದು ಕೊಡ ತೆಗೆದುಕೊಂಡು ಹೋದ. ಸಂಜೆ ಪಾತ್ರೆಗಳನ್ನು ವಿಂಗಡಿಸುವಾಗ ಒಂದು ಚೆಂಬಿನೊಳಗೆ ಏನೋ ಅಲುಗಾಡಿತು. ಕೈ ಹಾಕಿದರೆ ಬಟ್ಟೆಯ ಗಂಟು. ಅರಿಶಿನದಲ್ಲಿ ಅದ್ದಿದ ಬಟ್ಟೆ, ಒಂದರ ಮೇಲೊಂದು ಮೂರು ಗಂಟು. ಹರಕೆ ಹೊತ್ತು ದೇವರಿಗಾಗಿ ಕಟ್ಟಿಟ್ಟ ಮುಡಿಪು ಎಂದು ನೋಡಿದೊಡನೆ ಅವನಿಗೆ ತಿಳಿಯಿತು. ಬಿಚ್ಚಬಾರದೆಂದೂ ತಿಳಿದಿತ್ತು.

ಬಿಚ್ಚಿದ.

ಒಳಗೆ ಒಂದು ಬೆಳ್ಳಿ ರೂಪಾಯಿ. ಬಾಗಿಲ ಬೆಳಕಿಗೆ ಹಿಡಿದ. ಅಷ್ಟು ವರ್ಷ ನಾಲ್ವರ ಮನೆಯಲ್ಲಿ ನೋಡಿ ಬಂದ ಯಾವ ನಾಣ್ಯವೂ ಅದರ ಸಮಕ್ಕೆ ಬರುವಂತಿರಲಿಲ್ಲ. ಅಂಚಿನಲ್ಲಿ ಒಂದು ಸಣ್ಣ ಪೆಟ್ಟು ಬಿಟ್ಟರೆ ಬೇರೆ ಕುಂದಿಲ್ಲ.

ಅವನು ತನ್ನ ಪೆಟ್ಟಿಗೆ ತೆರೆದು, ಅದೇ ರಾಜನ, ಅದೇ ವರ್ಷದ ಇನ್ನೊಂದು ರೂಪಾಯಿ ಹುಡುಕಿದ. ಬೆಳ್ಳಿಗೆ ಬೆಳ್ಳಿ, ತೂಕಕ್ಕೆ ತೂಕ, ಮೇಲಾಗಿ ಪೆಟ್ಟಿಲ್ಲದ್ದು. ಕೇಳಿಕೊಂಡು ಬಂದರೆ ಕೊಟ್ಟರಾಯಿತು, ಅವರಿಗೇನು ನಷ್ಟ ಎಂದುಕೊಂಡ. ಅದನ್ನು ಹಳದಿ ಬಟ್ಟೆಯಲ್ಲಿಟ್ಟು ಮೂರು ಗಂಟು ಹಾಕಿದ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ರೈತನ ಹೆಂಡತಿ ಸೋಮವ್ವ ಬಾಗಿಲಲ್ಲಿ ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು.

"ಅಣ್ಣಾ, ನಮ್ಮವರು ತಿಳಿಯದೆ ತಂದು ಹಾಕಿಬಿಟ್ಟಿದ್ದಾರೆ. ಚೆಂಬಿನಲ್ಲಿ ದೇವಿಯ ಗಂಟಿತ್ತು. ಸಿಕ್ಕಿತೇ?"

ವ್ಯಾಪಾರಿ ಗಂಟು ತಂದು ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಗಾಬರಿಯಲ್ಲಿ ಅಲ್ಲೇ ಬಿಚ್ಚಿ ನೋಡಿದಳು. ಬೆಳ್ಳಗೆ ಹೊಳೆಯುವ ರೂಪಾಯಿ ಕಂಡು ಹುಬ್ಬೇರಿಸಿದಳು. ಆಮೇಲೆ ಅವಳ ಮುಖ ಅರಳಿತು.

"ಬೆಳಗಿ ಇಟ್ಟಿದ್ದೀರಾ ಅಣ್ಣಾ?"

ಅವನು "ಹೂಂ" ಎಂದ.

ಅಷ್ಟೇ. ಅದೊಂದೇ ಅಕ್ಷರ. ಸೋಮವ್ವ ಎರಡೂ ಕೈ ಜೋಡಿಸಿ ಹೋದಳು.

ಆ ತಿಂಗಳು ಗೆಳೆಯರು ಸೇರಿದ್ದು ವ್ಯಾಪಾರಿಯ ಮನೆಯಲ್ಲಿ. ಅವನು ಆ ರೂಪಾಯಿಯನ್ನು ಕೊನೆಗೆ ಉಳಿಸಿಕೊಂಡು, ಮಖಮಲ್ಲಿನ ನಡುವೆ ಒಂದನ್ನೇ ಇಟ್ಟ. ಯಾರೂ ಕಾಫಿಯ ಕಡೆ ತಿರುಗಲಿಲ್ಲ. ಅವರಲ್ಲಿ ಹಿರಿಯರಾದ ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಬಟ್ಟೆಯ ಗಂಟಿನೊಳಗೆ ಹತ್ತಿಪ್ಪತ್ತು ವರ್ಷ ಕೂತದ್ದು. ನೇಯ್ಗೆಯ ಎಳೆ ಕೂಡ ಮೂಡಿದೆ ನೋಡಿ. ಅಂಚಿನ ಪೆಟ್ಟೊಂದು ಇಲ್ಲದಿದ್ದರೆ! ಎಲ್ಲಿ ಸಿಕ್ಕಿತಯ್ಯ ಇದು?"

"ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿತ್ತು" ಎಂದ ವ್ಯಾಪಾರಿ.

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಅವನು ಜೀವಮಾನವಿಡೀ ಕೇಳಬೇಕೆಂದಿದ್ದ ಮಾತುಗಳನ್ನೆಲ್ಲ ಅಂದು ಕೇಳಿದ. ಆಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಎಲೆಯಲ್ಲಿ ಪ್ರಸಾದ ಹಿಡಿದುಕೊಂಡು ಸೋಮವ್ವ ನಿಂತಿದ್ದಳು.

"ಅಂಗಡಿ ಮುಚ್ಚಿತ್ತು, ಮನೆ ಕೇಳಿಕೊಂಡು ಬಂದೆ ಅಣ್ಣಾ. ನಿಮ್ಮ ಹೆಸರು ಹೇಳಿ ದೇವಿಗೆ ಕಾಯಿ ಒಡೆಸಿದ್ದೇನೆ."

ದೊಡ್ಡವರು ಕುಳಿತದ್ದು ನೋಡಿ ಅವಳಿಗೆ ಸಂಕೋಚವಾಯಿತು. ಆದರೆ ಸಂತೋಷ ಸಂಕೋಚಕ್ಕಿಂತ ದೊಡ್ಡದಿತ್ತು. ಅವಳು ಅವರಿಗೇ ಹೇಳಿದಳು. ಮಗಳು ನಾಲ್ಕು ವರ್ಷದವಳಿದ್ದಾಗ ಅವಳಿಗೆ ಮೂರ್ಛೆ ಬರುತ್ತಿತ್ತು. ಗುಣವಾಗಿ, ಮದುವೆಯಾಗಿ, ಅವಳ ಮಡಿಲಲ್ಲಿ ಒಂದು ಕೂಸು ಆಡಿದ ಮೇಲೆ ಒಪ್ಪಿಸುತ್ತೇನೆಂದು ಒಂದು ರೂಪಾಯಿ ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಹತ್ತೊಂಬತ್ತು ವರ್ಷ ಬಿಚ್ಚಿರಲಿಲ್ಲ. ಈಗ ಮೊಮ್ಮಗ ಹುಟ್ಟಿದ್ದಾನೆ. ಅಷ್ಟರಲ್ಲಿ ಗಂಟು ಕಳೆದೇ ಹೋಗಿತ್ತು. ಈ ಪುಣ್ಯಾತ್ಮರು ಕಾಪಾಡಿದ್ದಲ್ಲದೆ, ಬೆಳಗಿಯೂ ಕೊಟ್ಟರು.

ಮೇಷ್ಟ್ರು ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು. ನಾಲ್ವರೂ ನೆಲ ನೋಡಿದರು. ಒಬ್ಬರೂ ವ್ಯಾಪಾರಿಯ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಕಿವಿಯವರೆಗೂ ರಕ್ತ ಏರಿತು. ಪ್ರಸಾದ ತೆಗೆದುಕೊಂಡ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಸೋಮವ್ವ ಹೊರಟು ಮೆಟ್ಟಿಲಿಳಿದಳು. ಅವಳು ಹೋದರೆ ಈ ಮಾತು ಇಲ್ಲಿಗೇ ಮುಗಿಯುತ್ತದೆ, ಈ ನಾಲ್ವರೂ ಯಾರೆದುರೂ ಬಾಯಿ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವರು ಬಾಯಿ ಬಿಡದೆ ತನ್ನ ಜೊತೆ ಇನ್ನೂ ಎಷ್ಟೋ ಭಾನುವಾರ ಕೂರುವುದು ಕಣ್ಣಿಗೆ ಕಟ್ಟಿತು.

"ತಾಯೀ, ನಿಲ್ಲು" ಎಂದ.

ಮಖಮಲ್ಲಿನ ಮೇಲಿದ್ದ ರೂಪಾಯಿ ತೆಗೆದು ಅವಳ ಅಂಗೈಯಲ್ಲಿಟ್ಟ. "ನಿನ್ನದು ಇದು. ಬಣ್ಣಕ್ಕೆ ಆಸೆಪಟ್ಟು ಬದಲಾಯಿಸಿದೆ. ನಾನು ಕೊಟ್ಟದ್ದು ನನ್ನ ಪೆಟ್ಟಿಗೆಯದು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅಂಚಿನ ಪೆಟ್ಟಿನ ಮೇಲೆ ಹೆಬ್ಬೆರಳು ಹೋಗಿ ನಿಂತಿತು. ಮಗಳಿಗೆ ಮೂರ್ಛೆ ಬಂದ ದಿನ ಅವಳ ಕೈಯಿಂದ ಅದು ಕಲ್ಲಿನ ಮೇಲೆ ಬಿದ್ದಿತ್ತು.

"ಹಾಗಾದರೆ ನಾನು ದೇವಿಗೆ ಹಾಕಿ ಬಂದದ್ದು ಯಾರದ್ದು?" ಎಂದು ಕೇಳಿದಳು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಹರಕೆ ತೀರಿತೆಂದು ಮಗಳಿಗೆ ಹೇಳಿಯಾಗಿತ್ತು. ಕೂಸಿಗೆ ಹೆಸರಿಟ್ಟಾಗಿತ್ತು.

ಅವಳು ಸ್ವಲ್ಪ ಹುಣಸೆಹಣ್ಣು ಕೇಳಿದಳು. ವ್ಯಾಪಾರಿ ತಾನೇ ಒಳಗೆ ಹೋಗಿ ತಂದ. ಅಂಗಳದ ಕಲ್ಲಿನ ಮೇಲೆ ಕುಳಿತು ಅವಳು ಉಜ್ಜಲು ತೊಡಗಿದಾಗ ಮೇಷ್ಟ್ರು ತಡೆಯಲಾರದೆ, "ಅಯ್ಯೋ ಬೇಡಮ್ಮಾ!" ಎಂದುಬಿಟ್ಟರು.

"ಕಪ್ಪು ಹಿಡಿದದ್ದನ್ನು ದೇವಿಗೆ ಹೇಗೆ ಕೊಡಲಿ ಸ್ವಾಮಿ?" ಎಂದಳು ಅವಳು.

ವ್ಯಾಪಾರಿ ನೀರು ಹಾಕಿದ. ನೀಲಿ ಹೋಯಿತು, ನೇರಳೆ ಹೋಯಿತು, ಜೇನಿನ ಬಣ್ಣವೂ ಹೋಯಿತು. ಅವನು ಕಣ್ಣು ತೆಗೆಯದೆ ನೋಡಿದ. ಅವಳು ರೂಪಾಯಿಯನ್ನು ಸೆರಗಿನಲ್ಲಿ ಒರೆಸಿ, ಅದೇ ಸೆರಗಿನ ತುದಿಗೆ ಗಂಟು ಹಾಕಿ ಎದ್ದಳು. ದೇವಿಯ ಗುಡಿಯಿದ್ದ ಬೆಟ್ಟಕ್ಕೆ ಮತ್ತೆ ಎಂಟು ಹರದಾರಿ ನಡೆಯಬೇಕಿತ್ತು.

"ಬರುತ್ತೇನೆ ಸಾಹುಕಾರರೇ" ಎಂದಳು.

ಅಣ್ಣಾ ಎನ್ನಲಿಲ್ಲ.

ಗೆಳೆಯರು ಒಬ್ಬೊಬ್ಬರಾಗಿ ಎದ್ದು ಹೋದರು. ಮುಂದಿನ ತಿಂಗಳು ಮೇಷ್ಟ್ರು ಕರೆ ಕಳಿಸಿದರು. ಅವನು ಹೋಗಲಿಲ್ಲ. ಸೋಮವ್ವ ಮತ್ತೆ ಅವನ ಅಂಗಡಿಗೆ ಬರಲಿಲ್ಲ. ಬೇರೆ ಹೆಂಗಸರು ಬರುತ್ತಲೇ ಇದ್ದರು. ಅವರು ಅಣ್ಣಾ ಎಂದಾಗಲೆಲ್ಲ ಅವನು ತಕ್ಕಡಿಯನ್ನು ಸರಿಮಾಡುವವನಂತೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

ಗುರುಗಳು ಕಥೆ ಮುಗಿಸಿದರು. ಶಿಷ್ಯ ತಗ್ಗಿದ ದನಿಯಲ್ಲಿ ಹೇಳಿದ: "ಆದರೂ ಗುರುಗಳೇ, ಅವನು ಹೇಳದೆ ಇದ್ದಿದ್ದರೆ ಆಕೆ ಸಂತೋಷದಲ್ಲೇ ಇರುತ್ತಿದ್ದಳು. ಆಗ ಅವಳಿಗೆ ನಷ್ಟವೇನಿತ್ತು?"

"ಅದನ್ನು ನನ್ನನ್ನಲ್ಲ, ನೀನು ತಪ್ಪು ಮಾಡಿದವರನ್ನು ಕೇಳು. ಆ ಮನೆಯ ಬಾಗಿಲು ನಿನಗೆ ಗೊತ್ತಿದೆ, ನನಗೆ ಗೊತ್ತಿಲ್ಲ" ಎಂದರು ಗುರುಗಳು.

ಶಿಷ್ಯ ಚಾಪೆಯ ಅಂಚನ್ನು ಬಿಟ್ಟು ಎದ್ದ.