ನರ್ಸಮ್ಮನ ಹಳದಿ ಕಾರು

“ನಾಲ್ಕು ಜನ ಇದ್ದ ಹಾಗೆ ಇದ್ದುಬಿಡುವುದು ತಪ್ಪೇ, ಗುರುಗಳೇ?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ಮಠದ ಗೇಟಿನ ಹೊರಗೆ ದಾರಿಹೋಕರಿಗೆಂದು ದಿನಾ ಒಂದು ಕೊಡ ನೀರು ಇಡುತ್ತಿದ್ದ. ದೂರದ ರಸ್ತೆಗೂ ಕಾಣಲಿ ಎಂದು ಕೊಡಕ್ಕೆ ಕೆಂಪು ಬಟ್ಟೆ ಸುತ್ತುತ್ತಿದ್ದ. ಬಿಸಿಲಿನ ದಿನಗಳಲ್ಲಿ ಅದನ್ನು ಮೂರು ನಾಲ್ಕು ಸಲ ತುಂಬಿಸಬೇಕಾಗುತ್ತಿತ್ತು. ಜೊತೆಯವರು ನಗತೊಡಗಿದರು. ಪುಣ್ಯದ ಅಂಗಡಿ ತೆರೆದಿದ್ದಾನೆ, ಬೋರ್ಡೂ ಹಾಕಿದ್ದಾನೆ ಎಂದರು. ಅವನು ನಾಚಿಕೊಂಡು ಬಟ್ಟೆ ಬಿಚ್ಚಿದ. ಕೊಡವನ್ನು ಗೇಟಿನ ಒಳಗೆ, ಉಳಿದ ಕೊಡಗಳ ಸಾಲಿನಲ್ಲಿ ಇಟ್ಟ. ತಾನು ನೀರು ತುಂಬುವುದನ್ನು ಬಿಟ್ಟಿಲ್ಲ, ಗೇಟು ತೆರೆದೇ ಇದೆ, ಬೇಕಾದವರು ಬಂದು ಕುಡಿಯಬಹುದು ಎಂದು ಈಗ ಗುರುಗಳಿಗೆ ಹೇಳಿದ. ಎದ್ದು ಕಾಣುವ ಆಸೆ ಬಿಟ್ಟದ್ದು ವಿನಯವೇ ಅಲ್ಲವೇ ಎಂದೂ ಕೇಳಿದ.

ಹೊರಗೆ ಬಿಸಿಲು ಸುಡುತ್ತಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಊರಾಚೆಯ ಬಡಾವಣೆಯೊಂದರಲ್ಲಿ ಒಬ್ಬ ನರ್ಸ್ ಇದ್ದಳು. ಪಟ್ಟಣದ ಆಸ್ಪತ್ರೆಯಲ್ಲಿ ಅವಳ ಕೆಲಸ. ಒಂದು ವಾರ ಹಗಲು ಡ್ಯೂಟಿ, ಇನ್ನೊಂದು ವಾರ ರಾತ್ರಿ ಡ್ಯೂಟಿ. ಅವಳು ಯಾವಾಗ ಮನೆಯಲ್ಲಿರುತ್ತಾಳೆ ಎಂದು ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಅವಳ ಹತ್ತಿರ ಅರಿಶಿನದಂಥ ಹಳದಿಯ ಒಂದು ಹಳೆಯ ಕಾರಿತ್ತು. ಮನೆ ಮುಂದೆ ಹಳದಿ ಕಂಡರೆ ನರ್ಸಮ್ಮ ಇದ್ದಾರೆ, ಕಾಣದಿದ್ದರೆ ಡ್ಯೂಟಿಗೆ ಹೋಗಿದ್ದಾರೆ. ಬೀದಿಯ ತುದಿಯಿಂದಲೇ, ಮಹಡಿಯ ಮೇಲಿಂದಲೇ ನೋಡಿಕೊಂಡು ಜನ ಬರುತ್ತಿದ್ದರು. ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು, ಜ್ವರ ನೋಡಿಸಿಕೊಳ್ಳುತ್ತಿದ್ದರು. ಒಮ್ಮೆ ಒಂದು ಮಗುವಿನ ಗಂಟಲಲ್ಲಿ ಅಂಗಿಯ ಗುಂಡಿ ಸಿಕ್ಕಿ ಉಸಿರು ಕಟ್ಟಿದಾಗ ಅವಳು ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ, ಬೆನ್ನಿಗೆ ಗುದ್ದಿ, ಗುಂಡಿಯನ್ನು ಹೊರಗೆ ಬೀಳಿಸಿದ್ದಳು.

ಆ ಬಡಾವಣೆಯಲ್ಲಿ ಮೊದಲು ಕಪ್ಪು ಕಾರೇ ಇರಲಿಲ್ಲ. ಕಪ್ಪು ಶನಿಯ ಬಣ್ಣ ಎಂದು ಅಲ್ಲಿಯವರು ಹಬ್ಬಕ್ಕೆ ಕಪ್ಪು ಅಂಗಿಯನ್ನೂ ತರುತ್ತಿರಲಿಲ್ಲ. ಒಬ್ಬ ಕಂಟ್ರಾಕ್ಟರ್ ಕಪ್ಪು ಕಾರು ತಂದ. ಒಳಗೆ ಯಾರಿದ್ದಾರೆ ಎಂದು ನೋಡುವ ಮೊದಲೇ ಬಡಾವಣೆಯ ವಾಚ್‌ಮನ್ ಎದ್ದು ನಿಂತು ಸೆಲ್ಯೂಟ್ ಹೊಡೆದ. ಆ ಒಂದು ಸೆಲ್ಯೂಟ್ ಸಾಕಾಯಿತು. ವರ್ಷ ಎರಡು ವರ್ಷದಲ್ಲಿ ಮನೆಮನೆಯ ಮುಂದೆಯೂ ಕಪ್ಪು ಕಾರು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಕೊಂಡು ನಿಂತಿತು. ಶನಿ ಎಲ್ಲಿ ಹೋದ ಎಂದು ಯಾರೂ ವಿಚಾರಿಸಲಿಲ್ಲ. ಯಾರದಾದರೂ ಮನೆಯಲ್ಲಿ ಊಟ ಮುಗಿಸಿ ಹೊರಗೆ ಬಂದರೆ, ಗಂಡಸರೆಲ್ಲ ಕೈಯಲ್ಲಿದ್ದ ಕೀ ಒತ್ತಿ, ಯಾವ ಕಾರು ಕಣ್ಣು ಮಿಟುಕಿಸುತ್ತದೆ ಎಂದು ಕಾಯುತ್ತ ನಿಲ್ಲುತ್ತಿದ್ದರು.

ಈಗ ಹಳದಿ ಕಾರು ನಗೆಗೆ ಸಿಕ್ಕಿತು. ಸ್ಕೂಲ್ ಬಸ್ ಬಂತು ಎಂದರು. ನಮ್ಮ ಮಕ್ಕಳನ್ನೂ ಹತ್ತಿಸಿಕೊಳ್ಳಿ ಎಂದರು. ಮೈ ಸರಿಯಿಲ್ಲದಾಗ ಹಳದಿ ಹುಡುಕಿಕೊಂಡು ಬಂದವರೇ ಗುಣವಾದ ಮೇಲೆ ಹೀಗೆ ಆಡುತ್ತಿದ್ದರು. ನರ್ಸ್ ಅವರ ಜೊತೆಗೆ ತಾನೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗು ಇರುತ್ತಿರಲಿಲ್ಲ.

ಒಂದು ದಿನ ಬಡಾವಣೆಯ ಇನ್ನೊಂದು ತುದಿಯಲ್ಲಿ ಗೃಹಪ್ರವೇಶ. ನರ್ಸ್ ಬೇರೆಯವರಂತೆ ಶಾಮಿಯಾನದ ಮುಂದೆ ಕಾರು ನಿಲ್ಲಿಸಿದಳು. ಮನೆಯ ಯಜಮಾನ ಕೈಮುಗಿದುಕೊಂಡೇ ಬಂದ. ಆರು ತಿಂಗಳು ದಿನಾ ಹೋಗಿ ಇವನ ತಾಯಿಗೆ ಇಂಜೆಕ್ಷನ್ ಕೊಟ್ಟವಳು ಅವಳು.

“ಬೇಜಾರು ಮಾಡ್ಕೋಬೇಡಿ ನರ್ಸಮ್ಮ. ವಿಡಿಯೋದಲ್ಲಿ ಮುಂದಿನ ಸಾಲು ಒಂದೇ ಥರ ಬರ್ಲಿ ಅಂತ. ನಿಮ್ಮ ಗಾಡೀನ ಹಿಂದುಗಡೆ ಅಡುಗೆಯವರ ಟೆಂಪೋ ಹತ್ರ ಹಾಕ್ಬಿಡಿ.”

ಅವಳು ಹಾಗೆಯೇ ಮಾಡಿದಳು. ಊಟ ಮಾಡಿದಳು, ಉಡುಗೊರೆ ಕೊಟ್ಟಳು, ಮನೆಗೆ ಬಂದಳು. ಮರುವಾರ ಕಾರನ್ನು ಗ್ಯಾರೇಜಿಗೆ ಬಿಟ್ಟು ಕಪ್ಪು ಪೇಂಟ್ ಹೊಡೆಸಿದಳು.

ಕಾರು ತಂದ ದಿನ ವಾಚ್‌ಮನ್ ಎದ್ದು ಸೆಲ್ಯೂಟ್ ಹೊಡೆದ. ಆಮೇಲೆ ಗಾಜಿನೊಳಗೆ ಅವಳನ್ನು ಕಂಡು ಪೆಚ್ಚಾದ. ಅವಳಿಗೆ ಒಳಗೊಳಗೇ ಖುಷಿಯಾಯಿತು. ಮನೆ ಮುಂದೆ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಸಾಲನ್ನು ನೋಡಿದಳು. ಯಾವುದು ಯಾರದು ಎಂದು ಗೊತ್ತಾಗುವಂತಿರಲಿಲ್ಲ. ಇನ್ನು ಯಾರೂ ನಗುವುದಿಲ್ಲ ಎಂದುಕೊಂಡು ಹಾಯಾಗಿ ಒಳಗೆ ಹೋದಳು.

ಅದೇ ತಿಂಗಳು ಬೀದಿಯ ಕೊನೆಯ ಮನೆಯ ಸೊಸೆ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಳು. ಐದು ತಿಂಗಳು ಅವಳು ಇಲ್ಲಿರಲಿಲ್ಲ. ಬಂದ ಮರುದಿನ ಮಧ್ಯಾಹ್ನ, ಅತ್ತೆ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತ ಕೂತಿದ್ದಳು. ಸೊಸೆಯ ದೊಡ್ಡ ಮಗಳಿಗೆ ಮೂರು ವರ್ಷ. ಅದು ಒಂದು ಬೀಜವನ್ನು ಬಾಯಿಗೆ ಹಾಕಿಕೊಂಡಿತು. ಬೀಜ ಗಂಟಲಲ್ಲಿ ಸಿಕ್ಕಿಕೊಂಡಿತು.

ಸೊಸೆ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಬಂದಳು. ನರ್ಸಿನ ಮನೆಯ ಕಡೆ ಓಡುತ್ತ ಹಳದಿಯನ್ನು ಹುಡುಕಿದಳು. ಬೀದಿಯ ಉದ್ದಕ್ಕೂ ಕಪ್ಪು. ಇಲ್ಲದವರ ಬಾಗಿಲು ಬಡಿಯುತ್ತ ನಿಲ್ಲಲು ಅವಳಿಗೆ ಹೊತ್ತಿರಲಿಲ್ಲ. ಆ ಮನೆಯನ್ನು ದಾಟಿ ದೊಡ್ಡ ರಸ್ತೆಯ ಕ್ಲಿನಿಕ್ಕಿಗೆ ಓಡಿದಳು.

ನರ್ಸ್ ಆಗ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಯಾರೋ ಓಡಿದ ಸಪ್ಪಳ ಅವಳ ಕಿವಿಗೆ ಬಿತ್ತು. ನನ್ನ ಹತ್ತಿರ ಕೆಲಸವಿದ್ದರೆ ಬಾಗಿಲು ತಟ್ಟುತ್ತಿದ್ದರು ಎಂದುಕೊಂಡು ಅಕ್ಕಿಗೆ ಇನ್ನೊಂದು ನೀರು ಹಾಕಿದಳು.

ಮಗು ಉಳಿಯಲಿಲ್ಲ.

ಸುದ್ದಿ ತಿಳಿದು ನರ್ಸ್ ಆ ಮನೆಗೆ ಹೋದಳು. ಹೆಂಗಸರ ನಡುವೆ ಗೋಡೆಗೆ ಒರಗಿ ಕೂತಿದ್ದ ಸೊಸೆಯ ಕೈ ಹಿಡಿದುಕೊಂಡಳು.

“ನಾನು ಮನೇಲೇ ಇದ್ದೆನಲ್ಲಮ್ಮ. ಒಂದು ಸಲ ಕೂಗಬಾರದಿತ್ತಾ?”

ಸೊಸೆ ತಲೆ ಎತ್ತಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ನಿಮ್ಮ ಮನೆ ಮುಂದೇನೇ ಓಡಿದೆ, ನರ್ಸಮ್ಮ. ಹಳದಿ ಕಾರು ಇರ್ಲಿಲ್ಲ.”

ನರ್ಸ್ ಎದ್ದು ತನ್ನ ಮನೆ ಮುಂದಕ್ಕೆ ಬಂದಳು. ಕಪ್ಪು ಬಣ್ಣ ಧೂಳನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಒರೆಸಿದ ಕಾರಿನ ಮೇಲೆ ಮಧ್ಯಾಹ್ನದ ಹೊತ್ತಿಗೇ ಧೂಳು ಕೂತಿತ್ತು. ಬಾಗಿಲ ಮೇಲಿನ ಆ ಧೂಳಿನಲ್ಲಿ ಒಂದು ಅಂಗೈಯ ಗುರುತಿತ್ತು. ಓಡುವಾಗ ಎಡವಿದ ಹೆಂಗಸು ಬೀಳದಂತೆ ಅಲ್ಲಿ ಕೈ ಊರಿದ್ದಳು. ಹಾಗೆ ಊರಿಕೊಂಡು, ಮತ್ತೆ ಮುಂದಕ್ಕೆ ಓಡಿದ್ದಳು.

ನರ್ಸ್ ಆ ಗುರುತಿನ ಮುಂದೆ ನಿಂತಳು. ದಿನಾ ಬೆಳಿಗ್ಗೆ ಕಾರು ಒರೆಸುತ್ತಿದ್ದವಳು ಅಂದಿನಿಂದ ಆ ಬಾಗಿಲನ್ನು ಒರೆಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ತಪ್ಪು ನಕ್ಕವರದಲ್ಲವೇ ಗುರುಗಳೇ? ಅವಳು ಯಾರಿಗೆ ಏನು ಕೆಟ್ಟದ್ದು ಮಾಡಿದಳು? ಮನೆಯಲ್ಲೇ ಇದ್ದಳು. ಬಾಗಿಲು ತಟ್ಟಿದ್ದರೆ ಬರುತ್ತಿದ್ದಳು.”

ಗುರುಗಳು ಗೇಟಿನ ಕಡೆ ನೋಡಿ ಕೇಳಿದರು: “ಇವತ್ತು ನಿನ್ನ ಕೊಡವನ್ನು ಎಷ್ಟು ಸಲ ತುಂಬಿಸಿದೆ?”