ನವಿಲಿಗೆಂದು ಅಗಲವಾದ ಕಾಲುದಾರಿ

ಮಕ್ಕಳೇ, ಊರು ಬೆಳೆದು ಬೆಳೆದು ಕೊನೆಗೆ ಎಲ್ಲೋ ಒಂದು ಕಡೆ ಸುಸ್ತಾಗಿ ನಿಲ್ಲುತ್ತದಲ್ಲ, ಅಂಥ ಜಾಗದಲ್ಲಿ, ಹೊಸ ಬಡಾವಣೆಯ ಮನೆಗಳ ಬೆನ್ನಿಗೆ, ಒಂದು ಹೊಂಗೆ ತೋಪು ಇತ್ತು. ತೋಪಿನ ಈ ತುದಿಗೆ ಒಂದು ಪುಟ್ಟ ನೀರಿನ ಕುಂಟೆ, ಆ ತುದಿಗೆ ಒಂದು ಕೆರೆ. ಕುಂಟೆಯಲ್ಲಿ ನೀಲಿ ಎಂಬ ಕಪ್ಪೆ ಇದ್ದಳು. ಕೆರೆಯಲ್ಲಿ ಅವಳ ಅಕ್ಕ ಕೆಂಚಿ ಇದ್ದಳು.

ಇಬ್ಬರೂ ಹುಟ್ಟಿದ್ದು ಕೆರೆಯಲ್ಲೇ. ನೀಲಿ ಇನ್ನೂ ಬಾಲ ಕರಗದ ಮರಿಯಾಗಿದ್ದಾಗ ದೊಡ್ಡ ಮಳೆ ಬಂದು ಕೆರೆ ಕೋಡಿ ಬಿತ್ತು. ಆ ನೀರು ಅವಳನ್ನು ಕೊಚ್ಚಿಕೊಂಡು ಹೋಗಿ ಕುಂಟೆಗೆ ಹಾಕಿತು. ಅಂಥ ಮಳೆ ಮತ್ತೆ ಬರಲಿಲ್ಲ. ನಡುವೆ ಲಂಟಾನ ಪೊದೆ ಗೋಡೆ ಕಟ್ಟಿದ ಹಾಗೆ ಬೆಳೆದುಕೊಂಡಿತು. ಅದರೊಳಗೆ ನುಗ್ಗಿದರೆ ಕಪ್ಪೆಯ ಚರ್ಮ ಚಿಂದಿಯಾಗುತ್ತದೆ.

ಹೋಗಲಾಗದಿದ್ದರೇನಂತೆ, ಕೂಗಲು ಏನು ಅಡ್ಡಿ? ಹೊತ್ತು ಮುಳುಗುವಾಗ ಕೆರೆಯ ಕಡೆಯಿಂದ ದನಿ ಬರುತ್ತಿತ್ತು.

"ನೀಲೀ, ಊಟ ಆಯ್ತಾ?"

"ಆಯ್ತು ಅಕ್ಕಾ, ನಿಂದು?"

ದಿನವೂ ಇಷ್ಟೇ ಮಾತು. ಹೊಟ್ಟೆಗೆ ಏನೂ ಸಿಕ್ಕದ ದಿನವೂ ನೀಲಿ "ಆಯ್ತು" ಅನ್ನುತ್ತಿದ್ದಳು. ಅಕ್ಕನೂ ಹಾಗೇ ಅನ್ನುತ್ತಿದ್ದಳೋ ಏನೋ, ಯಾರಿಗೆ ಗೊತ್ತು!

ಆಮೇಲೆ ತೋಪನ್ನು ಸುತ್ತಿಕೊಂಡು ಟಾರು ರಸ್ತೆ ಬಂತು. ರಸ್ತೆ ಬಂದ ಮೇಲೆ ಲಾರಿ ಬಂತು, ಬಸ್ಸು ಬಂತು, ಸುಮ್ಮನೆ ಹೋದರೆ ಮರ್ಯಾದೆ ಕಡಿಮೆಯಾದೀತೆಂದು ಹಾರನ್ ಒತ್ತಿಕೊಂಡೇ ಹೋಗುವ ಬೈಕುಗಳು ಬಂದವು. ಅಕ್ಕನ ದನಿ ಮೊದಲು ಸಣ್ಣದಾಯಿತು, ಆಮೇಲೆ ಕೇಳದೇ ಹೋಯಿತು. ನೀಲಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು, ಕೂಗಿ ಕಿವಿಗೊಡುತ್ತಿದ್ದಳು. ಅಕ್ಕ ಉತ್ತರ ಕೊಡುತ್ತಿಲ್ಲವೋ, ಕೊಟ್ಟದ್ದು ಇಲ್ಲಿಗೆ ಮುಟ್ಟುತ್ತಿಲ್ಲವೋ? ಅದೊಂದು ಸಂಕಟ ಅವಳನ್ನು ಹಗಲೆಲ್ಲ ತಿನ್ನುತ್ತಿತ್ತು.

ಒಂದು ಸಂಜೆ ತಡೆಯಲಾಗಲಿಲ್ಲ. ರಸ್ತೆ ಹಿಡಿದೇ ಹೋಗಿಬಿಡುತ್ತೇನೆ ಎಂದು ಹೊರಟೇಬಿಟ್ಟಳು. ಟಾರಿನ ಮೇಲೆ ಕಾಲಿಟ್ಟಿದ್ದಳಷ್ಟೇ, ಲಾರಿಯೊಂದು ಹಾದುಹೋದ ಗಾಳಿಗೆ ಅಂಗಾತ ಬಿದ್ದಳು.

ಅವಳನ್ನು ಎಳೆದು ಈಚೆಗೆ ತಂದದ್ದು ಕುಂಟೆಯ ಪಕ್ಕದ ಬಿಲದಲ್ಲಿದ್ದ ಮುದಿ ಹೆಗ್ಗಣ.

"ಏನಮ್ಮಾ, ಬದುಕು ಬೇಜಾರಾಯ್ತಾ ನಿಂಗೆ?"

"ಅಕ್ಕನ್ನ ನೋಡ್ಬೇಕು ಮಾವ. ಇದ್ದಾಳೋ ಇಲ್ವೋ ಅಂತಾನೂ ಗೊತ್ತಾಗ್ತಿಲ್ಲ."

ಹೆಗ್ಗಣ ಮೀಸೆ ಕೊಡವಿತು. ಅದರ ಬಾಯಿ ಒರಟು, ಮನಸ್ಸು ಮೆತ್ತಗೆ. "ನನ್ನ ಬಿಲ ಹುಣಸೇಮರದ ತನಕ ಹೋಗುತ್ತೆ. ಅದರಾಚೆ ಬಂಡೆ. ಕೊರೆದೂ ಕೊರೆದೂ ಹಲ್ಲು ಸವೀತು. ಭೂಮಿ ಒಳಗೆ ಆಗಲ್ಲ ಅಂದ್ಮೇಲೆ ಮೇಲೇನೇ ಮಾಡೋಣ. ತೋಪಿನ ನಡುವೆ ಒಂದು ಕಾಲುದಾರಿ. ಕಾಲಿದ್ದೋರು ನಡೀಲಿ, ಹೊಗೆ ಬಿಡೋವು ಆಚೆನೇ ಇರ್ಲಿ."

ಈ ದಾರಿಯ ಆಸೆ ಪ್ರಾಣಿಗಳಿಗೆ ಮಾತ್ರ ಇತ್ತೆಂದುಕೊಳ್ಳಬೇಡಿ. ಬಡಾವಣೆಯಲ್ಲಿ ಬಟ್ಟೆ ಹೊಲಿಯುವ ಸುಗುಣಮ್ಮ ಎಂಬ ಹೆಂಗಸು ದಿನವೂ ಸೈಕಲ್ ತಳ್ಳಿಕೊಂಡು ತೋಪಿನ ಅಂಚಿಗೆ ಬಂದು ನಿಲ್ಲುತ್ತಿದ್ದಳು. ಜೊತೆಗೆ ಕೋಲೂರಿಕೊಂಡು ಅವಳ ಮಾವ ಬರುತ್ತಿದ್ದರು. "ಇದರೊಳಗೇ ಒಂದು ದಾರಿ ಇದ್ದಿದ್ರೆ ಆ ಲಾರಿಗಳ ಪಕ್ಕ ಜೀವ ಕೈಲಿ ಹಿಡ್ಕೊಂಡು ಹೋಗೋದು ತಪ್ತಿತ್ತು ಮಾವ" ಎಂದು ಅವಳು, "ನಾನೂ ಒಂದಿಷ್ಟು ನೆರಳಲ್ಲಿ ನಡೀತಿದ್ದೆ" ಎಂದು ಅವರು. ಹೇಳಿಕೊಂಡು ಇಬ್ಬರೂ ನಿಟ್ಟುಸಿರು ಬಿಟ್ಟು ಮತ್ತೆ ರಸ್ತೆಗೇ ಇಳಿಯುತ್ತಿದ್ದರು.

ಕೆಲಸ ಶುರುವಾಯಿತು. ಹೆಗ್ಗಣದ ಮನೆಮಂದಿ ಲಂಟಾನದ ಬೇರು ಕತ್ತರಿಸಿದರು. ಅಳಿಲುಗಳು ಕಡ್ಡಿ ಆಯ್ದವು. ಮೊಲಗಳು ಹುಲ್ಲು ಮೇಯ್ದು ನೆಲ ಸಪಾಟು ಮಾಡಿದವು. ಅವಕ್ಕೆ ಅದು ಕೆಲಸವೂ ಆಯಿತು, ಊಟವೂ ಆಯಿತು. ರಸ್ತೆಯ ಕಡೆ ಯಾವ ಕಾಲದಲ್ಲೋ ನೆಟ್ಟಿದ್ದ ಎರಡು ಗಡಿಗಲ್ಲುಗಳು ಒತ್ತೊತ್ತಾಗಿ ನಿಂತಿದ್ದವು. ಹೆಗ್ಗಣ ಅವುಗಳ ನಡುವಿನ ಸಂದಿಯಿಂದಲೇ ದಾರಿ ಹೊರಡಿಸಿತು. ಮರ ಅಡ್ಡ ಬಂದಲ್ಲಿ ದಾರಿ ಬಳಸಿಕೊಂಡು ಹೋಯಿತು. ಕಿರಿದು, ಅಂಕುಡೊಂಕು, ಆದರೆ ಪೂರ್ತಿ ನೆರಳು.

ಅರ್ಧ ದಾರಿ, ಅಂದರೆ ಹುಣಸೇಮರದ ತನಕ, ಮುಗಿದ ಸಂಜೆ ನೀಲಿ ಅಲ್ಲಿಯವರೆಗೆ ಕುಪ್ಪಳಿಸಿಕೊಂಡು ಹೋಗಿ ಕೂಗಿದಳು.

"ಅಕ್ಕಾ!"

ಮೊದಲು ಬರೀ ಎಲೆಯ ಸದ್ದು. ಆಮೇಲೆ, ಕೆರೆಯ ಕಡೆಯಿಂದ:

"ನೀಲೀ? ನಿಂದೇನೇ ದನಿ? ಊಟ ಆಯ್ತಾ?"

ಅಷ್ಟು ಕಾಲ ಕಾದಿದ್ದ ಮಾತು ಕಿವಿಗೆ ಬಿದ್ದಾಗ ನೀಲಿ ಅತ್ತುಬಿಟ್ಟಳು. "ಬರ್ತೀನಿ ಅಕ್ಕಾ, ಇನ್ನು ಸ್ವಲ್ಪ ದೂರ ಅಷ್ಟೇ, ಬಂದೇಬಿಡ್ತೀನಿ" ಎಂದು ಕೂಗಿ ಹೇಳಿದಳು.

ಎಲ್ಲವೂ ಹೀಗೇ ಮುಗಿದಿದ್ದರೆ ನಿಮಗೆ ಹೇಳಲು ಕತೆಯೇ ಇರುತ್ತಿರಲಿಲ್ಲ. ಮರುದಿನ ದಾರಿ ನೋಡಲು ನವಿಲುರಾಯರು ಬಂದರು.

ಬಂದವರು ಗಡಿಗಲ್ಲಿನ ಸಂದಿಯಲ್ಲಿ ಬಾಲ ಸಿಕ್ಕಿಸಿಕೊಂಡರು. ಎಳೆದು ಬಿಡಿಸಿಕೊಳ್ಳುವಾಗ ಒಂದು ಗರಿ ಬಾಗಿತು. ಅಷ್ಟು ಸಾಕಾಯಿತು.

"ಯಾರ್ರೀ ಈ ದಾರಿ ಮಾಡಿದ್ದು? ಇದರಲ್ಲಿ ನಾನು ಗರಿ ಬಿಚ್ಚೋಕಾಗುತ್ತಾ? ನಾಲ್ಕು ಜನ ನೋಡೋ ಹಾಗಿರ್ಬೇಕು ದಾರಿ ಅಂದ್ರೆ!"

"ನಡೆಯೋಕೆ ಮಾಡಿದ್ದು ಸ್ವಾಮಿ, ಮೆರೆಯೋಕಲ್ಲ" ಎಂದಿತು ಹೆಗ್ಗಣ.

"ಕಲ್ಲು ಬೀಳಿಸಿ. ದಾರಿ ಅಗಲ ಮಾಡಿ. ಬೇಕಿದ್ರೆ ನಮ್ಮವರನ್ನೆಲ್ಲ ಕರೀತೀನಿ. ನಮ್ಮ ಕಾಲುಗುರು ಹತ್ತಿದ್ರೆ ಮಿಕ್ಕ ಅರ್ಧ ನಾಳೆ ಸಂಜೆಯೊಳಗೆ ಮುಗಿಯುತ್ತೆ."

"ಬೇಡ. ಆ ಕಲ್ಲು ಅಲ್ಲಿರೋದು ಒಳ್ಳೇದು. ಬಾಗಿಲು ದೊಡ್ಡದು ಮಾಡಿದ್ರೆ ಯಾರು ಯಾರು ಬರ್ತಾರೋ!"

"ಹಾಗಾದ್ರೆ ಎಲ್ಲರನ್ನೂ ಕೇಳೋಣ" ಎಂದು ನವಿಲು ಬೇಲಿಯ ಮೇಲಿದ್ದ ಓತಿಕ್ಯಾತನ ಕಡೆ ತಿರುಗಿತು. "ಏನಪ್ಪಾ, ಅಗಲ ಮಾಡೋಣವಾ?"

ಓತಿಕ್ಯಾತ ತಲೆಯಾಡಿಸಿತು. ಓತಿಕ್ಯಾತ ಯಾವುದಕ್ಕೆ ತಲೆಯಾಡಿಸುವುದಿಲ್ಲ ಹೇಳಿ? ಬಿಸಿಲಿಗೂ ಆಡಿಸುತ್ತದೆ, ಮೋಡಕ್ಕೂ ಆಡಿಸುತ್ತದೆ. ಆದರೂ ನವಿಲು, "ನೋಡಿದ್ರಾ, ಒಪ್ಪಿಗೆ ಆಯ್ತು!" ಎಂದು ಕತ್ತು ಕೊಂಕಿಸಿತು.

ಹೆಗ್ಗಣ ನೀಲಿಯನ್ನು ನೋಡಿತು. "ನೀನು ಹೇಳಮ್ಮಾ. ದಾರಿ ಶುರುವಾಗಿದ್ದೇ ನಿನ್ನಿಂದ."

ನೀಲಿಯ ಕಿವಿಯಲ್ಲಿ ಅಕ್ಕನ ದನಿ ಇನ್ನೂ ಇತ್ತು. ಹೆಗ್ಗಣ ಹೇಳಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು. ಆದರೆ ನಾಳೆ ಸಂಜೆಯೊಳಗೆ ಎಂದ ಮಾತು ಅವಳನ್ನು ಎಳೆಯಿತು.

"ಬೇಗ ಆಗೋದಾದ್ರೆ... ಆಗ್ಲಿ ಬಿಡು ಮಾವ" ಎಂದಳು.

ಹೆಗ್ಗಣ ಗಡಿಗಲ್ಲಿನ ಹತ್ತಿರ ಹೋಯಿತು. ಕಲ್ಲುಗಳ ಬುಡ ಕೊರೆಯಿತು. ಎರಡೂ ಪಕ್ಕಕ್ಕೆ ವಾಲಿ ಮಲಗಿದವು. ನವಿಲುಗಳ ದಂಡು ಬಂದು ಪರಪರನೆ ಕೆರೆದು ಪೊದೆಗಳನ್ನೆಲ್ಲ ಹಿಂದಕ್ಕೆ ತಳ್ಳಿತು. ಹೇಳಿದ ಹಾಗೆ ಮರುದಿನ ಸಂಜೆಗೆ ದಾರಿ ಕೆರೆ ಏರಿ ಮುಟ್ಟಿತು. ಅಗಲಕ್ಕೆ ಅಗಲ, ಸಪಾಟಿಗೆ ಸಪಾಟು.

ಬೆಳಗಾಗುತ್ತಲೇ ನೀಲಿ ಹೊರಟಳು. ಅಕ್ಕನಿಗೆಂದು ಒಂದು ಹೊಂಗೆ ಎಲೆಯಲ್ಲಿ ರೆಕ್ಕೆ ಗೆದ್ದಲು ಸುತ್ತಿಕೊಂಡಿದ್ದಳು. ಮುಂದೆ, ದಾರಿಯ ನಟ್ಟನಡುವೆ, ನವಿಲುರಾಯರು ಗರಿ ಬಿಚ್ಚಿ ನಿಂತಿದ್ದರು. ಅಳಿಲುಗಳು ನೋಡಿ ನೋಡಿ ದಣಿದಿದ್ದವು.

ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರಿನವನೊಬ್ಬ ತೋಪಿನ ಕಡೆ ನೋಡಿದ.

"ಅರೆ, ಇಲ್ಲೊಂದು ಶಾರ್ಟ್‌ಕಟ್ ಇದೆಯಲ್ಲೋ!"

ಒಂದು ಸ್ಕೂಟರ್ ನುಗ್ಗಿತು. ಅದರ ಹಿಂದೆ ಬೈಕು, ಬೈಕಿನ ಹಿಂದೆ ಆಟೋ, ಆಟೋ ಹಿಂದೆ ಸಿಮೆಂಟ್ ಹೊತ್ತ ಟೆಂಪೋ. ನವಿಲು ತಿರುಗುವಷ್ಟರಲ್ಲಿ ಚಕ್ರ ಬಾಲದ ಮೇಲೆ ಹತ್ತಿ ಇಳಿದಿತ್ತು. ಗರಿಗಳೆಲ್ಲ ನೆಲದಲ್ಲಿ ಉಳಿದವು. ರಾಯರು ಮಾತ್ರ ಹಾರಿ ಹೊಂಗೆಮರದ ತುದಿ ಸೇರಿದರು. ಹಿಂಭಾಗ ಬೋಳು.

ನೀಲಿ ಆಗ ಹುಣಸೇಮರದ ಹತ್ತಿರ ಇದ್ದಳು. ಬೇರಿನ ಪೊಟರೆಗೆ ಹಾರಿ ಜೀವ ಉಳಿಸಿಕೊಂಡಳು. ಎಲೆಯ ಪೊಟ್ಟಣ ದಾರಿಯಲ್ಲೇ ಬಿತ್ತು, ಚಕ್ರಕ್ಕೆ ಸಿಕ್ಕಿ ಮಣ್ಣಾಯಿತು. ಅವಳು ಕೂಗಿದಳು. ಅಕ್ಕ ಕೂಗಿದಳೋ ಇಲ್ಲವೋ, ಹಾರನ್ನುಗಳ ನಡುವೆ ಏನೂ ಕೇಳಲಿಲ್ಲ. ಕತ್ತಲಾದ ಮೇಲೂ ವಾಹನ ನಿಲ್ಲಲಿಲ್ಲ. ಹೆಗ್ಗಣ ತನ್ನ ಬಿಲದೊಳಗಿಂದ ಬಂದು ಅವಳನ್ನು ಕುಂಟೆಗೆ ಕರೆದುಕೊಂಡು ಹೋಯಿತು. "ನಾನು ಹೇಳಿರ್ಲಿಲ್ವಾ" ಎಂದು ಅದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ನೀಲಿಗೆ ಮನಸ್ಸು ಕೊಂಚ ಹಗುರವಾಗುತ್ತಿತ್ತು.

ಮಳೆಗಾಲ ಮುಗಿಯಿತು. ಚಳಿ ಬಂತು, ಬೇಸಿಗೆ ಬಂತು. ಸುಗುಣಮ್ಮ ಒಂದು ದಿನ ಖುಷಿಯಿಂದ ಸೈಕಲ್ ತಂದವಳು ಟೆಂಪೋ ಕಂಡು ಹಿಂದೆ ಹೋದಳು. ಮೊಲಗಳು ತೋಪು ಬಿಟ್ಟವು. ನೀಲಿ ಬತ್ತುತ್ತಿರುವ ಕುಂಟೆಯ ಕೆಸರಿನಲ್ಲಿ ಕೂತು ಕೆರೆಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಮೊದಲಾದರೆ ದಾರಿ ಇರಲಿಲ್ಲ. ಈಗ ದಾರಿ ಕಣ್ಣೆದುರಿಗಿತ್ತು, ಅದರ ಮೇಲೆ ಹೋಗುವ ಹಾಗಿರಲಿಲ್ಲ. ಇದು ಮೊದಲಿನದಕ್ಕಿಂತ ಹೆಚ್ಚು ನೋಯುತ್ತಿತ್ತು.

ಹೊಸ ಮಳೆ ಶುರುವಾಗುವ ಮುಂಚೆ ಹೆಗ್ಗಣ ಎದ್ದಿತು. "ಕಲ್ಲು ಬೀಳಿಸಿದ್ದು ನಾನು. ಅದಕ್ಕೇನಾದ್ರೂ ನಾನೇ ಮಾಡ್ಬೇಕು" ಎಂದು ತನ್ನ ಬಳಗವನ್ನೆಲ್ಲ ಕರೆದು, ದಾರಿಯ ಬಾಯಿಯಲ್ಲಿ ನೆಲದಡಿ ಕೊರೆಯತೊಡಗಿತು. ಮೇಲೆ ಮಣ್ಣು ಹಾಗೇ, ಒಳಗೆಲ್ಲ ಟೊಳ್ಳು.

ಮೊದಲ ಮಳೆ ಬಿದ್ದ ಬೆಳಗ್ಗೆ ಸಿಮೆಂಟ್ ಟೆಂಪೋ ಬಂತು. ಧಸಕ್! ಮುಂದಿನ ಚಕ್ರ ಅಚ್ಚಿನವರೆಗೆ ಕುಸಿಯಿತು. ಹಿಂದೆ ಬಂದವರೆಲ್ಲ ನಿಂತು ಹಾರನ್ ಒತ್ತಿದ್ದೇ ಒತ್ತಿದ್ದು. ಗಲಾಟೆಗೆ ಬಡಾವಣೆಯವರು ಹೊರಗೆ ಬಂದರು. ಸುಗುಣಮ್ಮನೂ ಬಂದಳು, ಅವಳ ಮಾವನೂ ಬಂದರು. ಮುದುಕರ ಕಣ್ಣಿಗೆ ಮೊದಲು ಬಿದ್ದದ್ದು ಪಕ್ಕದಲ್ಲಿ ಮಲಗಿದ್ದ ಗಡಿಗಲ್ಲು.

"ಈ ಕಲ್ಲು ನಿಂತಿದ್ದಾಗ ಇಷ್ಟೆಲ್ಲ ಇರ್ಲಿಲ್ಲ ಕಣ್ರಯ್ಯ. ಎತ್ತಿ ನಿಲ್ಲಿಸಿ."

"ಹಾಗಾದ್ರೆ ನಮ್ಮ ಗಾಡಿ ಹೇಗೆ ಹೋಗ್ಬೇಕು?" ಎಂದ ಟೆಂಪೋದವನು.

"ನಿಮಗೆ ಅಷ್ಟು ದೊಡ್ಡ ರಸ್ತೆ ಇದೆಯಲ್ಲಪ್ಪಾ" ಎಂದಳು ಸುಗುಣಮ್ಮ. "ಇಲ್ಲಿ ಕಾಲು ಹೋಗ್ಲಿ, ಸೈಕಲ್ ಹೋಗ್ಲಿ. ಅಷ್ಟಗಲ ಬಿಟ್ಟು ನಿಲ್ಲಿಸಿ ಸಾಕು." ಹೇಳಿದ್ದಷ್ಟೇ ಅಲ್ಲ, ಸೀರೆ ಸೆರಗು ಸಿಕ್ಕಿಸಿಕೊಂಡು ಕಲ್ಲಿಗೆ ಮೊದಲ ಕೈ ಹಾಕಿದವಳೂ ಅವಳೇ.

ಈ ಬಾಯಲ್ಲಿ ಎರಡು ಕಲ್ಲು ನಿಂತವು, ಕೆರೆ ಏರಿಯ ಕಡೆ ಹೊಸದಾಗಿ ತಂದ ಇನ್ನೆರಡು. ಸಂಜೆಗೆ ತೋಪು ಸದ್ದಡಗಿತು. ನವಿಲು ಮರದಿಂದ ಇಳಿದು ಬಂದು, "ನೀಲಮ್ಮಾ, ನನ್ನಿಂದ ತಪ್ಪಾಯ್ತು" ಎಂದಿತು. ಬಾಲ ಬರೀ ಮೊಳಕೆಯಾದ್ದರಿಂದ ಕಲ್ಲಿನ ಸಂದಿಯಲ್ಲಿ ಆರಾಮಾಗಿ ದಾಟಿತು. ಅದನ್ನು ಯಾರೂ ಆಡಿಕೊಳ್ಳಲಿಲ್ಲ. ಓತಿಕ್ಯಾತ ಮಾತ್ರ ತಲೆಯಾಡಿಸಿತು.

ನೀಲಿ ಹೊರಟಳು. ಈ ಸಲವೂ ಎಲೆಯ ಪೊಟ್ಟಣ ಕಟ್ಟಿಕೊಂಡಿದ್ದಳು. ಹುಣಸೇಮರ ದಾಟಿದಳು, ಬಂಡೆ ದಾಟಿದಳು. ಕೆರೆಯ ನೀರಿನ ವಾಸನೆ, ಹುಟ್ಟಿದ ಕೆರೆಯ ವಾಸನೆ, ಮೂಗಿಗೆ ಬಡಿಯಿತು. ಆಗಲೇ ಕೇಳಿತು.

"ನೀಲೀ, ಊಟ ಆಯ್ತಾ?"

"ಅಕ್ಕಾ!" ಎನ್ನುತ್ತಾ ನೀಲಿ ಏರಿಯಿಂದ ಕೆಳಕ್ಕೆ ಹಾರಿದಳು.

ಕಲ್ಲಿನ ಮೇಲೆ ಕೂತಿದ್ದುದು ಅಕ್ಕನಲ್ಲ. ಒಂದು ಎಳೆಯ ಕಪ್ಪೆ. ಅಕ್ಕನದೇ ಕಣ್ಣು, ಅಕ್ಕನದೇ ದನಿ.

"ನೀವು... ನೀಲಿ ಚಿಕ್ಕಮ್ಮನಾ?" ಎಂದಿತು ಅದು. "ಹೆಸರು ಹಿಡಿದು ಕೂಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಅಮ್ಮ ಹಾಗೇ ಕೂಗು ಅಂದಿದ್ಲು."

"ಅಮ್ಮ ಎಲ್ಲಿ ಮಗಳೇ?"

"ಹುಣಸೇಮರದಿಂದ ನಿಮ್ಮ ದನಿ ಕೇಳಿದ್ಲಲ್ಲ, ಆವತ್ತಿನಿಂದ ದಿನಾ ಈ ಕಲ್ಲಿನ ಮೇಲೇ ಕೂತಿರ್ತಿದ್ಲು. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ. ಬೇಸಿಗೆಯಲ್ಲಿ ನೀರು ಇಳೀತು. ಒಳಗೆ ಬಾ ಅಂದ್ರೂ ಬರ್ಲಿಲ್ಲ, ಬಿಸಿಲಿಗೆ ಜೀವ ಬಿಟ್ಲು. ಹೋಗೋವಾಗ, ನನ್ನ ತಂಗಿಗೆ ದನಿ ತಪ್ಪಿಸ್ಬೇಡ ಅಂದ್ಲು."

ನೀಲಿ ಹೋಗಿ ಆ ಕಲ್ಲಿನ ಮೇಲೆ ಕೂತಳು. ನಾಳೆ ಸಂಜೆಯೊಳಗೆ ಎಂಬ ಮಾತಿಗೆ ತಾನು ಹೂಂ ಅಂದದ್ದು ಅವಳಿಗೆ ನೆನಪಾಯಿತು. ದಾರಿ ಕಿರಿದಾಗಿಯೇ ಇದ್ದಿದ್ದರೆ, ಇನ್ನೊಂದಿಷ್ಟು ದಿನ ತಡವಾಗಿಯೇ ಮುಗಿದಿದ್ದರೆ, ಹೋದ ಮಳೆಗಾಲದಲ್ಲೇ ಅಕ್ಕನ ಪಕ್ಕ ಕೂತಿರುತ್ತಿದ್ದಳು.

ಮೇಲೆ ಏರಿಯಲ್ಲಿ ಸುಗುಣಮ್ಮ ಸೈಕಲ್ ಗಂಟೆ ಬಾರಿಸಿಕೊಂಡು ಹೋದಳು. ಅವಳ ಹಿಂದೆ ಮುದುಕರ ಕೋಲಿನ ಸದ್ದು ನಿಧಾನವಾಗಿ ದಾಟಿತು. ಮತ್ತೆ ಎಲ್ಲ ಸುಮ್ಮನಾಯಿತು.

ನೀಲಿ ಪೊಟ್ಟಣ ಬಿಚ್ಚಿ ಎಳೆಯ ಕಪ್ಪೆಯ ಮುಂದಿಟ್ಟಳು. "ತಿನ್ನು ಮಗಳೇ. ಆಮೇಲೆ ಇನ್ನೊಂದು ಸಲ ಕೂಗು."

ಅದು ತಿಂದಿತು. ತಿಂದು, ತಾಯಿ ಕಲಿಸಿದ ಹಾಗೆ ಕತ್ತೆತ್ತಿ ಕೂಗಿತು.

"ನೀಲೀ, ಊಟ ಆಯ್ತಾ?"

"ಆಯ್ತು ಅಕ್ಕಾ" ಎಂದಳು ನೀಲಿ, ಕಲ್ಲಿನ ಮೇಲೆ ಪಕ್ಕದಲ್ಲಿ ಖಾಲಿಯಿದ್ದ ಜಾಗದ ಕಡೆ ನೋಡುತ್ತಾ. "ನಿಂದು?"

ನೀತಿ: ಎಲ್ಲರೂ ನಡೆಯಲೆಂದು ಮಾಡಿದ ದಾರಿಯನ್ನು ಒಬ್ಬರ ಮೆರವಣಿಗೆಗೆಂದು ಅಗಲ ಮಾಡಿದರೆ, ಕೊನೆಗೆ ಆ ದಾರಿಯಲ್ಲಿ ನಡೆಯುವವರಿಗೇ ಜಾಗ ಉಳಿಯುವುದಿಲ್ಲ.