ಇಲ್ಲ ಎನ್ನಲು ಬಾರದ ಅಂಬಿಗ

೧೯೭೮ನೇ ಇಸವಿ, ಜೂನ್ ೧೪, ಬುಧವಾರ. ಆ ದಿನದ ನನ್ನ ದಿನಚರಿಯ ಮೊದಲ ಸಾಲು ಹೀಗಿದೆ: "ಸಂದರ್ಶನದಲ್ಲಿ ಏನು ಹೇಳಬೇಕು ಎಂದು ಗುರುಗಳನ್ನು ಚನ್ನವೀರ ಕೇಳಿದ. ಜೊತೆಗೆ ನಾನಿದ್ದೆ." ಕೇಳಿದ್ದನ್ನು ಅಂದೇ ಬರೆದಿಡುವುದು ಕಾಲೇಜಿನ ದಿನಗಳಿಂದ ನನ್ನ ಪದ್ಧತಿ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಹೆಂಗಸು ನಾನು. ಸುಮಾರಾಗಿ ಹೀಗಿತ್ತು, ಹಾಗಿರಬಹುದು ಎಂದು ಬರೆಯುವವಳಲ್ಲ. ಕೆಳಗಿನದು ನಮ್ಮ ಊರಿನ ಮಠದ ಗುರುಗಳು ಹೇಳಿದ್ದು.

ಚನ್ನವೀರ ನನ್ನ ಮೈದುನ. ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ. ಒಂದು ಗಿರಣಿಯಿಂದ ಬಾಯ್ಲರ್ ಮನೆಯ ಮೇಲ್ವಿಚಾರಕನ ಕೆಲಸಕ್ಕೆ ಕರೆ ಬಂದಿತ್ತು. ಈ ಕೆಲಸ ಸಿಕ್ಕರೆ ಶ್ರಾವಣದಲ್ಲಿ ಮದುವೆ ಎಂದು ಹೆಣ್ಣಿನ ಕಡೆಯವರು ಮಾತು ಕೊಟ್ಟಿದ್ದರು. ಆದರೆ ಚಿಕ್ಕಂದಿನಲ್ಲಿ ಕಿವಿ ಸೋರಿ ಅವನ ಎಡಗಿವಿ ಹೋಗಿತ್ತು. ಬಲಗಿವಿಯೂ ಅಷ್ಟಕ್ಕಷ್ಟೆ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದನಾದ್ದರಿಂದ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಬಾಯ್ಲರ್ ಮನೆಯಲ್ಲಿ ಆವಿಯ ಸದ್ದು ಕೆಟ್ಟರೆ ಮೊದಲು ತಿಳಿಯಬೇಕಾದದ್ದು ಕಿವಿಗೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನು ಕೇಳಿದ್ದು ಇಷ್ಟು:

"ಗುರುಗಳೇ, ಎಲ್ಲ ಕಡೆಯೂ ಕೇಳುವುದು ಅವೇ ಪ್ರಶ್ನೆಗಳು. ನೀನು ಯಾರು, ನಮ್ಮಲ್ಲಿಗೇ ಯಾಕೆ ಬಂದೆ, ನಿನ್ನಲ್ಲಿರುವ ಕೊರತೆ ಏನು. ಮೊದಲೆರಡಕ್ಕೆ ನನ್ನಲ್ಲಿ ಉತ್ತರ ಇದೆ. ಮೂರನೆಯದಕ್ಕೆ ಸ್ನೇಹಿತರು ಒಂದು ಉತ್ತರ ಹೇಳಿಕೊಟ್ಟಿದ್ದಾರೆ. ಹಿಡಿದ ಕೆಲಸ ಮುಗಿಯುವ ತನಕ ನನಗೆ ಊಟ ಸೇರುವುದಿಲ್ಲ, ಅದೇ ನನ್ನ ಕೊರತೆ ಅನ್ನಬೇಕಂತೆ. ಹಾಗೆ ಹೇಳಬಹುದೆ?"

"ನಿನಗೆ ಊಟ ಸೇರುವುದಿಲ್ಲವೆ?"

"ಸೇರುತ್ತದೆ."

"ಎರಡು ಸಲ ಬಡಿಸಿಕೊಳ್ಳುತ್ತಾನೆ," ಎಂದೆ ನಾನು.

"ಅತ್ತಿಗೆ, ನೀವು ಸುಮ್ಮನಿರಿ," ಎಂದ ಚನ್ನವೀರ.

ಗುರುಗಳು ನಗಲಿಲ್ಲ. ಕೂತಲ್ಲಿಂದ ಎದ್ದು ಬಂದು ಅವನ ಬಲಗಡೆಗೆ ಕೂತರು. ಆಮೇಲೆ ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವುದು ಅವನ ಕಸುಬು. ಹೊಳೆ ದಿಕ್ಕು ಬದಲಿಸಿ ಊರಿನಿಂದ ದೂರ ಸರಿಯಿತು. ಅವನ ಕಸುಬು ನಿಂತಿತು. ಅವನು ಹರಿಗೋಲನ್ನು ತಲೆಯ ಮೇಲೆ ಹೊತ್ತು, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು, ದಂಡೆ ಹಿಡಿದು ಕೆಲಸ ಹುಡುಕುತ್ತ ಹೊರಟ.

ಹೊಳೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ನೀರಿನ ಮೇಲಿನ ಸುಳಿ ನೋಡಿ ಕೆಳಗಿನ ಬಂಡೆ ಎಲ್ಲಿದೆ ಎನ್ನುತ್ತಿದ್ದ. ಆದರೆ ಹೊತ್ತು ಮುಳುಗಿದ ಮೇಲೆ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಇರುಳುಗುರುಡು. ಹಗಲಿನಲ್ಲಿ ಅವನನ್ನು ನೋಡಿದವರಿಗೆ ಅದರ ಸುಳಿವೂ ಸಿಗುತ್ತಿರಲಿಲ್ಲ.

ಮೊದಲು ಸಿಕ್ಕ ಊರಿನಲ್ಲಿ ಅಂಬಿಗ ಬೇಕಾಗಿದ್ದ. ಹಿರಿಯರು ಕಟ್ಟೆಯ ಮೇಲೆ ಕೂತು ಅವನನ್ನು ಕೇಳಿದರು. ನೀನು ಯಾರು? ಅಂಬಿಗ, ಅಂಬಿಗನ ಮಗ ಎಂದ. ನಮ್ಮ ಊರಿಗೇ ಯಾಕೆ ಬಂದೆ? ಹೊಟ್ಟೆಪಾಡಿಗೆ ಎಂದ. ನಿನ್ನಲ್ಲಿ ಏನು ಕೊರತೆ? ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ನಮ್ಮೂರ ಕೋಳಿಗಳಿಗೂ ಇದೇ ಕಾಯಿಲೆ," ಎಂದ ಒಬ್ಬ ಹಿರಿಯ. "ಅವು ಸಂಜೆಗೆ ಗೂಡು ಸೇರಿಕೊಳ್ಳುತ್ತವೆ. ನೀನೂ ಹೋಗಿ ಸೇರಿಕೊಳ್ಳಪ್ಪ."

ಎಲ್ಲರೂ ನಕ್ಕರು. ಅಂಬಿಗ ಹರಿಗೋಲನ್ನು ತಲೆಯ ಮೇಲೆ ಎತ್ತಿಕೊಂಡ.

ಎರಡನೆಯ ಊರಿನಲ್ಲೂ ಅವೇ ಪ್ರಶ್ನೆಗಳು. ಈ ಸಲ ಅವನು ಮಾತನ್ನು ಸ್ವಲ್ಪ ತಗ್ಗಿಸಿದ. ಮುಸ್ಸಂಜೆಯಲ್ಲಿ ಕಣ್ಣು ತುಸು ಮಂಜು ಎಂದ. ಆ ಊರಿನವರು ಒಳ್ಳೆಯವರು. ನಗಲಿಲ್ಲ. ಹೊಟ್ಟೆ ತುಂಬ ಊಟ ಹಾಕಿ ಮುಂದಿನ ಊರಿನ ದಾರಿ ತೋರಿಸಿದರು.

ದಾರಿಯಲ್ಲಿ ಒಂದು ಛತ್ರ. ಅಲ್ಲಿ ಒಬ್ಬ ವರ್ತಕ ತಂಗಿದ್ದ. ಅವನ ಕೈಕೆಳಗೆ ಎಷ್ಟೋ ಜನ ದುಡಿಯುತ್ತಿದ್ದರು. ಅಂಬಿಗ ತನ್ನ ಕತೆಯನ್ನೆಲ್ಲ ಅವನಿಗೆ ಹೇಳಿಕೊಂಡ.

"ದಡ್ಡ ನೀನು," ಎಂದ ವರ್ತಕ. "ಕೊರತೆ ಏನೆಂದು ಕೇಳುವವನಿಗೆ ನಿನ್ನ ಕೊರತೆ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಲಾಭವಾಗುವ ಕೊರತೆ ಯಾವುದಾದರೂ ಇದ್ದರೆ ಅದನ್ನು ಹೇಳು."

"ಅಂಥ ಕೊರತೆಯೂ ಇರುತ್ತದೆಯೆ, ಯಜಮಾನರೇ?"

"ನನ್ನ ಹತ್ತಿರ ಕೆಲಸಕ್ಕೆ ಬಂದವರೆಲ್ಲರಿಗೂ ಇತ್ತು."

ಅಂಬಿಗ ದಾರಿಯುದ್ದಕ್ಕೂ ಯೋಚಿಸಿದ. ಮಗಳು ನಡೆಯಲಾರೆ ಎಂದು ಅಲ್ಲಲ್ಲಿ ಕೂತುಬಿಡುತ್ತಿದ್ದಳು. ಮೂರನೆಯ ಊರು ಕಾಣಿಸುವ ಹೊತ್ತಿಗೆ ಅವನ ಉತ್ತರ ಸಿದ್ಧವಾಗಿತ್ತು.

ಆ ಊರಿನ ಹಿರಿಯರು ಕೇಳಿದರು. ಯಾರು ಕರೆದರೂ ನನಗೆ ಇಲ್ಲ ಎನ್ನಲು ಬರುವುದಿಲ್ಲ, ಅದೇ ನನ್ನ ಕೊರತೆ ಎಂದು ಅವನು ಹೇಳಿದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೀಗೂ ಒಂದು ಕೊರತೆಯೆ ಎಂದು ಸಂತೋಷಪಟ್ಟರು. ಅಂದೇ ದಂಡೆಯ ಮೇಲೆ ಗುಡಿಸಲಿಗೆ ಜಾಗ ಕೊಟ್ಟರು.

ಅಂಬಿಗ ಮೋಸಗಾರನಲ್ಲ. ಅವನ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವಿತ್ತು. ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ದಿನದ ಕೆಲಸ ಮುಗಿದ ಮೇಲೆ ಅಂಬಿಗ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕುತ್ತಾನೆ. ಬೋರಲು ಬಿದ್ದ ಹರಿಗೋಲನ್ನು ಬೆಳಗಾಗುವ ಮುಂಚೆ ಎತ್ತು ಎಂದು ಊರ ಗೌಡನೂ ಹೇಳುವಂತಿರಲಿಲ್ಲ. ಯಾವಾಗ ಬೋರಲು ಹಾಕಬೇಕೆಂಬುದು ಅಂಬಿಗನಿಗೆ ಸೇರಿದ್ದು. ಹೊತ್ತು ಮುಳುಗುವ ಮುಂಚೆಯೇ ಹಾಕಿಬಿಟ್ಟರೆ ತನ್ನ ಕಣ್ಣಿನ ವಿಷಯ ಯಾರಿಗೂ ತಿಳಿಯಬೇಕಾಗಿಲ್ಲ, ಯಾರಿಗೂ ಕೇಡಿಲ್ಲ ಎಂದುಕೊಂಡಿದ್ದ.

ಅವನು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ತನ್ನ ಉತ್ತರವನ್ನು. ಅವನ ಮಾತು ಹಿರಿಯರಿಗೆ ಬಹಳ ಹಿಡಿಸಿತ್ತು. ಅವರು ಅದನ್ನು ಸಂತೆಯಲ್ಲಿ ಹೇಳಿಕೊಂಡರು, ನೆಂಟರ ಮನೆಗಳಲ್ಲಿ ಹೇಳಿಕೊಂಡರು. ಕೊನೆಗೆ ಡಂಗುರ ಸಾರಿಸಿದರು. ನಮ್ಮ ಅಂಬಿಗ ಬೇರೆ ಊರಿನವರ ಹಾಗಲ್ಲ, ಕರೆಯುವವರು ಇರುವ ತನಕ ನಮ್ಮೂರಿನ ಹರಿಗೋಲು ಬೋರಲು ಬೀಳುವುದಿಲ್ಲ ಎಂದು.

ಡಂಗುರ ಕೇಳಿದ ದಿನ ಅಂಬಿಗನ ಹೆಂಡತಿ, "ಈಗಲಾದರೂ ಹೋಗಿ ಹೇಳು," ಎಂದಳು.

ಅಂಬಿಗ ಗುಡಿಸಲಿನ ಕಡೆ ನೋಡಿದ. ಅವಳು ಆ ದಿನವಷ್ಟೇ ಗೋಡೆಗೆ ಮಣ್ಣು ಮೆತ್ತಿ ಮುಗಿಸಿದ್ದಳು. ಮಗಳು ಒಳಗೆ ಉಣ್ಣುತ್ತಿದ್ದಳು. ಅವನು ಹೋಗಲಿಲ್ಲ.

ಕತ್ತಲಾದ ಮೇಲೆ ಯಾರಾದರೂ ಆಚೆ ದಡದಿಂದ ಕರೆದರೆ ಅವನು ಅವರ ದನಿಯ ಜಾಡು ಹಿಡಿದು ಹೋಗುತ್ತಿದ್ದ. ಹಿಂದಿರುಗುವಾಗ ಹೆಂಡತಿ ಈಚೆ ದಡದಲ್ಲಿ ನಿಂತು ಕೂಗುತ್ತಿದ್ದಳು. ಆ ಕೂಗಿನ ಕಡೆಗೆ ಹುಟ್ಟು ಹಾಕುತ್ತಿದ್ದ. ಗಂಡನ ಮೇಲೆ ಎಷ್ಟು ಅಕ್ಕರೆ ನೋಡು, ಅವನು ಬರುವ ತನಕ ಕೂಗುತ್ತಾಳೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು.

ಮಳೆಗಾಲ ಬಂತು. ಹೊಳೆ ಏರಿತು. ಅಂಬಿಗನ ಹೆಂಡತಿಗೆ ಜ್ವರ ಹತ್ತಿತು. ಕೆಮ್ಮಿ ಕೆಮ್ಮಿ ಗಂಟಲು ಕಟ್ಟಿಹೋಯಿತು.

ಒಂದು ಸಂಜೆ ಆಚೆ ದಡದಿಂದ ಒಬ್ಬ ಕುಂಬಾರ ಕೂಗಿದ. ಜೊತೆಗೆ ಹೆಂಡತಿಯೂ ಕಂಕುಳಲ್ಲಿ ಮಗುವೂ ಇದ್ದರು. ಅಂಬಿಗ ಹರಿಗೋಲಿನ ಅಂಚು ಹಿಡಿದು ನಿಂತ. ಕೇಳಿಸಲಿಲ್ಲ ಎಂಬಂತೆ ನಿಂತ.

"ಅಂಬಿಗಣ್ಣ, ನೀನು ಇಲ್ಲ ಅನ್ನೋನಲ್ಲ ಅಂತ ಊರೆಲ್ಲ ಹೇಳುತ್ತೆ. ನಾವು ಕುಂಬಾರರು ಅಂತ ಸುಮ್ಮನಿದ್ದೀಯಾ?"

ಅಂಬಿಗ ಹೊರಟ. ಆಚೆ ದಡ ಮುಟ್ಟಿದ. ಮೂವರನ್ನೂ ಹತ್ತಿಸಿಕೊಂಡ. ನಡುಹೊಳೆಗೆ ಬಂದಾಗ ಪೂರ್ತಿ ಕತ್ತಲಾಗಿತ್ತು. ಅವನು ಹುಟ್ಟು ನಿಲ್ಲಿಸಿ ಕಿವಿಗೊಟ್ಟ. ಈಚೆ ದಡದಲ್ಲಿ ಅವನ ಹೆಂಡತಿ ಎದ್ದು ಬಂದು ನಿಂತಿದ್ದಳು. ಬಾಯಿ ತೆರೆದಿದ್ದಳು. ದನಿ ಹೊರಡಲಿಲ್ಲ.

"ಯಾಕಣ್ಣ, ನಿಲ್ಲಿಸಿದೆ?" ಎಂದ ಕುಂಬಾರ.

ಅಂಬಿಗ ಅಂದಾಜಿನ ಮೇಲೆ ಹುಟ್ಟು ಹಾಕಿದ. ಹಗಲಿನಲ್ಲಿ ಅವನು ಸದಾ ಬಳಸಿಕೊಂಡು ಹೋಗುತ್ತಿದ್ದ ಬಂಡೆಗೇ ಹರಿಗೋಲು ಬಡಿಯಿತು.

ಕುಂಬಾರ ಈಜಿ ದಡ ಸೇರಿದ. ಅಂಬಿಗನೂ ಸೇರಿದ. ಕುಂಬಾರನ ಹೆಂಡತಿ ಮರುದಿನ ಕೆಳಗಿನ ಊರಿನ ಬಳಿ ಸಿಕ್ಕಳು. ಮಗು ಸಿಗಲಿಲ್ಲ.

ಹಿರಿಯರು ಮತ್ತೆ ಕಟ್ಟೆಯ ಮೇಲೆ ಕೂತರು. ಅಂಬಿಗ ಎಲ್ಲವನ್ನೂ ಹೇಳಿದ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಹೇಳಿದ್ದರೆ ಕೆಲಸ ಕೊಡುತ್ತಿದ್ದಿರಾ?"

"ಕೊಡುತ್ತಿದ್ದೆವು," ಎಂದ ಒಬ್ಬ ಹಿರಿಯ. "ಹೊತ್ತು ಮುಳುಗುವ ಮುಂಚೆ ಬೋರಲು ಹಾಕು ಅನ್ನುತ್ತಿದ್ದೆವು, ಅಷ್ಟೆ. ನಮ್ಮಲ್ಲಿ ರಾತ್ರಿ ಹೊಳೆ ದಾಟಿ ಆಗಬೇಕಾದದ್ದೇನು?"

ಹಿರಿಯನ ಮಾತು ಅಂದು ನಿಜವಾಗುತ್ತಿತ್ತೋ, ಅಥವಾ ಇಂದು ಹೇಳಲು ಚೆನ್ನಾಗಿತ್ತೋ, ಯಾರಿಗೂ ಗೊತ್ತಿಲ್ಲ. ಹೇಳಿದ ಹಿರಿಯನಿಗೂ ಗೊತ್ತಿರಲಿಲ್ಲ. ಆದರೆ ಅಂಬಿಗ ಆ ಮಾತನ್ನು ನಂಬಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ.

ಅವನು ಹೆಂಡತಿ ಮಗಳೊಡನೆ ಊರು ಬಿಟ್ಟ. ಈ ಸಲ ತಲೆಯ ಮೇಲೆ ಹೊರುವುದಕ್ಕೆ ಹರಿಗೋಲು ಇರಲಿಲ್ಲ.

ಊರಿಗೆ ಹೊಸ ಅಂಬಿಗ ಬೇಕಾಯಿತು. ಒಬ್ಬ ಯುವಕ ಬಂದ. ಹಿರಿಯರು ಅವೇ ಪ್ರಶ್ನೆಗಳನ್ನು ಕೇಳಿದರು. ಹೊಳೆಯನ್ನು ಬಿಟ್ಟು ಒಂದು ದಿನವೂ ಇರಲಾರೆ, ಅದೇ ನನ್ನ ಕೊರತೆ ಎಂದು ಯುವಕ ಹೇಳಿದ. ಹಿರಿಯರು ತಲೆದೂಗಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚನ್ನವೀರ, "ಹಾಗಾದರೆ ಹೇಳಿಬಿಡಲೇ, ಗುರುಗಳೇ? ಹೇಳಿದರೆ ಮೊದಲ ಎರಡು ಊರಿನಲ್ಲಿ ಆದದ್ದೇ ನನಗೂ ಆಗುತ್ತದಲ್ಲ?" ಎಂದ.

ಗುರುಗಳು ಅವನ ಬಲಗಿವಿಯ ಹತ್ತಿರ ಬಾಗಿ, "ಹೇಳಿದರೆ ನಷ್ಟ ಯಾರಿಗೆಂದು ನಿನಗೆ ಗೊತ್ತಿದೆ, ಹೇಳದಿದ್ದರೆ ಯಾರಿಗೆಂದು ಗೊತ್ತಿಲ್ಲ," ಎಂದರು.

ನಾವು ಎದ್ದು ಮನೆಗೆ ಬಂದೆವು.

ಮುಂದಿನದು ಬೇರೆ ಬೇರೆ ವರ್ಷಗಳ ದಿನಚರಿಗಳಲ್ಲಿದೆ. ಒಟ್ಟಿಗೆ ಬರೆಯುತ್ತೇನೆ. ಚನ್ನವೀರ ಸಂದರ್ಶನಕ್ಕೆ ಹೋಗಿ ತನ್ನ ಕಿವಿಯ ವಿಷಯ ಹೇಳಿದ. ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ಶ್ರಾವಣ ಕಳೆಯಿತು. ಹೆಣ್ಣಿನ ಕಡೆಯವರು ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಕಿವಿಯ ವಿಷಯ ಒಮ್ಮೆ ಬಾಯಿಬಿಟ್ಟು ಹೇಳಿದ ಮೇಲೆ ಅದು ಎಲ್ಲ ಕಡೆಗೂ ಅವನಿಗಿಂತ ಮುಂಚೆಯೇ ಹೋಗಿ ಕೂತಿರುತ್ತಿತ್ತು. ಕೊನೆಗೆ ಒಂದು ಬೀಜದ ಅಂಗಡಿಯಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿಕೊಂಡ. ಓದಿದ್ದು ಯಾವುದೂ ಅಲ್ಲಿ ಬೇಕಾಗಲಿಲ್ಲ. ಮದುವೆಯಾಗಲಿಲ್ಲ. ಊಟಕ್ಕೆ ಕೂತಾಗ ಎರಡನೆಯ ಸಲ ಬೇಡ ಎನ್ನತೊಡಗಿದ. ಹೋದ ವರ್ಷ ನಮ್ಮ ಮನೆಯಲ್ಲೇ ತೀರಿಕೊಂಡ.

ಆ ಗಿರಣಿ ಆಮೇಲೂ ಬಹಳ ಕಾಲ ನಡೆಯಿತು. ಅಲ್ಲಿನ ಬಾಯ್ಲರ್ ಮನೆಯಲ್ಲಿ ಒಂದು ಸಣ್ಣ ಅವಘಡವೂ ಆಗಲಿಲ್ಲ. ಚನ್ನವೀರನ ಮಾತಿನಿಂದ ಯಾರಾದರೂ ಬದುಕಿ ಉಳಿದಿದ್ದರೆ, ಅದು ಅವರಿಗೂ ಗೊತ್ತಿಲ್ಲ.